ಸೀಟಿನ ಕೆಳಗಿನ ಬಿಳಿ ಬಣ್ಣ

ಟ್ಯಾಂಕಿನ ಹೊಟ್ಟೆಯೊಳಗೆ ಮಂಡಿಯೂರಿ, ಗುಂಡು ತುಂಬುವವನ ಸೀಟಿನ ಕೆಳಗೆ ತಂತಿ ಬ್ರಷ್ಷಿನಿಂದ ಉಜ್ಜುತ್ತಿದ್ದೆ. ಬಕೆಟ್ಟಿನ ಬಟ್ಟೆಸೋಡಾ ನೀರು ಆಗಲೇ ತಣ್ಣಗಾಗಿತ್ತು. ಇನ್ನೊಮ್ಮೆ ಬಿಸಿನೀರು ತರಲು ಮೇಲೆ ಹತ್ತಿ ಇಳಿಯುವಷ್ಟು ತ್ರಾಣ ಇರಲಿಲ್ಲ.

ಯುದ್ಧದಲ್ಲಿ ಏಟು ತಿಂದು ಫ್ರಾನ್ಸಿನಿಂದ ಹಡಗಿನಲ್ಲಿ ಬಂದ ಮುರುಕು ಟ್ಯಾಂಕುಗಳನ್ನು ನಮ್ಮ ಶೆಡ್ಡಿನಲ್ಲಿ ಮತ್ತೆ ಓಡುವಂತೆ ಮಾಡುತ್ತಿದ್ದರು. ತೂತು ಮುಚ್ಚುವುದು, ಎಂಜಿನ್ ಕೂರಿಸುವುದು ಬೇರೆಯವರ ಪಾಲು. ಒಳಗನ್ನು ತೊಳೆದು ಬಿಳಿ ಬಣ್ಣ ಬಳಿಯುವುದು ನನ್ನ ಮತ್ತು ಬೆಸ್ಸಿಯ ಪಾಲು. ಒಳಗೆ ಬೆಳಕಾಗಲೆಂದು ಬಿಳಿ, ಅನ್ನುತ್ತಿದ್ದ ಮೇಸ್ತ್ರಿ. ಅದೂ ನಿಜವೇ. ಆದರೆ ಎಷ್ಟು ಉಜ್ಜಿದರೂ ಕಲೆ ಹೋಗದ ಜಾಗಗಳಿರುತ್ತಿದ್ದವು. ಅಲ್ಲಿ ನಾವು ಇನ್ನೊಂದು ಕೈ ಹೆಚ್ಚು ಬಳಿಯುತ್ತಿದ್ದೆವು. ಟ್ಯಾಂಕು ಒಯ್ಯಲು ಬರುವ ಹೊಸ ಸೈನಿಕರು ಬಣ್ಣದ ಕೆಳಗೇನಿತ್ತು ಎಂದು ಕೇಳಿದರೆ ಹೇಳಬೇಕಾದ ಮಾತು ಒಂದೇ: ತುಕ್ಕು. ಅದು ಶೆಡ್ಡಿನ ಕಟ್ಟಳೆ.

ಬೆಸ್ಸಿ ಮೇಲಿನ ಬಾಗಿಲಿನಿಂದ ತಲೆ ಇಳಿಬಿಟ್ಟಳು. "ಬೇಗ ಮುಗಿಸೇ ಹಿಲ್ಡಾ. ಶನಿವಾರ ಇದನ್ನ ಪೇಟೆ ಚೌಕದಲ್ಲಿ ಜನಕ್ಕೆ ತೋರಿಸ್ತಾರಂತೆ. ಮೇಯರ್ ಹೊಟ್ಟೆ ಈ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತೆ, ಸುತ್ತ ಒಂಚೂರು ಸೋಪು ಹಚ್ಚಿಡು."

ನನಗೆ ನಗು ಬರಲಿಲ್ಲ. ಅದೇ ಶನಿವಾರ ಅತ್ತೆಗೆ ನಿಜ ಹೇಳಿಬಿಡಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಹೇಳಿ, ಗಂಟುಮೂಟೆ ಕಟ್ಟಿಕೊಂಡು ಅಕ್ಕನ ಊರಿಗೆ ಹೋಗಿಬಿಡುವುದು.

ನನ್ನ ಗಂಡ ಆರ್ನಲ್ಡನೂ ಟ್ಯಾಂಕಿನವನೇ, ಗುಂಡು ತುಂಬುವವನು. ಆಗಸ್ಟಿನಲ್ಲಿ ನಾರ್ಮಂಡಿಯಲ್ಲಿ ಅವನ ಟ್ಯಾಂಕಿಗೆ ಬೆಂಕಿ ಹತ್ತಿತು, ಅವನ ಪತ್ತೆಯಿಲ್ಲ ಎಂದು ತಂತಿ ಬಂತು. ಹೊರಗೆ ಹಾರಿಕೊಂಡಿರುತ್ತಾನೆ, ಯಾವನೋ ರೈತನ ಕೊಟ್ಟಿಗೆಯಲ್ಲಿ ಅಡಗಿರುತ್ತಾನೆ, ಎಂದರು ಅತ್ತೆ. ಅವನು ಯಾವಾಗ ಬಂದಾನೋ ಎಂದು ಅಂದಿನಿಂದ ಮುಂಬಾಗಿಲಿಗೆ ಚಿಲಕ ಹಾಕಿರಲಿಲ್ಲ. ತಮ್ಮ ರೇಷನ್ನಿನಲ್ಲೆಲ್ಲ ಅವನಿಗಿಷ್ಟವಾದ ಡಬ್ಬಿ ಮೀನು, ಡಬ್ಬಿ ಹಾಲು ತಂದು ಕಪಾಟಿನಲ್ಲಿ ಜೋಡಿಸಿಟ್ಟು, ತಾವು ಒಣ ಬ್ರೆಡ್ಡು ತಿನ್ನುತ್ತಿದ್ದರು. ಹೋದ ವಾರ ಅಂಗಡಿಯ ಸಾಲಿನಲ್ಲೇ ಬವಳಿ ಬಂದು ಬಿದ್ದರು. ಹೀಗೇ ಆದರೆ ಈ ಚಳಿಗಾಲ ದಾಟುವುದಿಲ್ಲ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

ದಿನಾ ಸಂಜೆ ನಾನು ಬೂಟು ಬಿಚ್ಚುವ ಮೊದಲೇ ಅವರದು ಒಂದೇ ಪ್ರಶ್ನೆ. ನೀನು ಅದರೊಳಗೇ ದುಡಿಯೋಳು, ಆ ಮೇಲಿನ ಬಾಗಿಲು ಬೇಗ ತೆಗೆಯುತ್ತಲ್ಲವಾ? ಬೇಗ ತೆಗೆಯುತ್ತೆ ಅಂತ ದಿನಾ ಹೇಳಿ ಹೇಳಿ ದಣಿದಿದ್ದೆ. ಬೆಂಕಿ ಹತ್ತಿದ ಟ್ಯಾಂಕಿನಲ್ಲಿ ಮನುಷ್ಯರ ಪತ್ತೆ ಸಿಗದೆ ಹೋಗುವುದು ಹೇಗೆಂದು ನನ್ನ ಕೈಗೆ ಗೊತ್ತಿತ್ತು.

ಶನಿವಾರ ಚೌಕದಲ್ಲಿ ಬ್ಯಾಂಡು ಬಾರಿಸುತ್ತಿದ್ದರು. ಅತ್ತೆ ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು ಟ್ಯಾಂಕು ನೋಡುವ ಸಾಲಿನಲ್ಲಿ ನಿಂತರು. ಎಲ್ಲರೂ ಬಗ್ಗಿ ನೋಡಿ ಇಳಿದರೆ ಇವರು ಒಳಗೇ ಇಳಿಯುತ್ತೇನೆಂದು ಹಟ ಹಿಡಿದರು. ಸೈನಿಕನೊಬ್ಬ ಕೈಕೊಟ್ಟ. ನಾನೂ ಹಿಂದೆ ಇಳಿದೆ.

ಅತ್ತೆ ಗುಂಡು ತುಂಬುವವನ ಸೀಟಿನಲ್ಲೇ ಕೂತರು. ಗೋಡೆ ಸವರಿದರು. ಆಮೇಲೆ ಬಗ್ಗಿ ಸೀಟಿನ ಕೆಳಗೆ ಬೆರಳಾಡಿಸಿದರು. ನಮ್ಮ ಬೀದಿಯಲ್ಲಿ ಹೆಂಗಸಿನ ಯೋಗ್ಯತೆಯನ್ನು ಹೊಸ್ತಿಲು ನೋಡಿ ಅಳೆಯುತ್ತಾರೆ. ಕಲ್ಲನ್ನು ತಿಕ್ಕಿ ತೊಳೆದು ಅಂಚಿಗೆ ಸೀಮೆಸುಣ್ಣದಂಥ ಕಲ್ಲಿನಿಂದ ಬಿಳಿ ಎಳೆಯದೆ ಅತ್ತೆ ಒಂದು ಬೆಳಗ್ಗೆಯೂ ಟೀ ಕುಡಿದವರಲ್ಲ. ಪಕ್ಕದ ಮನೆಯ ಹೊಸ್ತಿಲನ್ನು ನೋಡುವ ಹಾಗೆಯೇ ಈಗ ಟ್ಯಾಂಕನ್ನು ನೋಡುತ್ತಿದ್ದರು.

"ಇಲ್ಲಿ ದಪ್ಪ ಆಗಿದೆ. ನೀನು ಬಳಿದದ್ದಾ?"

"ಹೂಂ ಅಮ್ಮಾ."

"ನಮ್ಮಪ್ಪಂದು ಮಾಂಸದಂಗಡಿ ಇತ್ತಲ್ಲ. ಅದರ ಹೊಸ್ತಿಲಿಗೆ ನಾನೂ ಹೀಗೇ ದಪ್ಪಗೆ ಬಳೀತಿದ್ದೆ. ಕಲ್ಲು ಕುಡಿದುಬಿಟ್ಟಿರ್ತಿತ್ತು, ಎಷ್ಟು ತಿಕ್ಕಿದ್ರೂ ಹೋಗ್ತಿರಲಿಲ್ಲ." ಬೆರಳು ಅಲ್ಲೇ ನಿಂತಿತು. "ಇದರ ಕೆಳಗೆ ಏನಿತ್ತು ಹಿಲ್ಡಾ?"

ವಾರದಿಂದ ನಾಲಿಗೆಯ ಮೇಲೆ ಸಿದ್ಧವಾಗಿದ್ದ ಮಾತು ಅಲ್ಲೇ ಇತ್ತು. ಬಂದದ್ದು ಬೇರೆ.

"ತುಕ್ಕು," ಅಂದೆ.

ಅವರು ನನ್ನ ಮುಖವನ್ನು ನೋಡಿದರು. ಆಮೇಲೆ ಸೋಡಾ ನೀರಿಗೆ ಬಿರಿದ ನನ್ನ ಕೈಗಳನ್ನು ನೋಡಿದರು.

"ತುಕ್ಕೇ ಇರಬೇಕು. ಕಬ್ಬಿಣ ಅಲ್ವಾ."

ಅಜ್ಜಿ ಒಳಗೇ ಟೀ ಕಾಯಿಸ್ತಿದೆಯೇನೋ ಎಂದು ಸಾಲಿನಲ್ಲಿ ಯಾರೋ ಛೇಡಿಸಿದರು. ನಾನು ಕೆಳಗಿನಿಂದ ಅತ್ತೆಯನ್ನು ಎತ್ತಿಕೊಟ್ಟೆ. ಒಣಗಿದ ಬಟ್ಟೆಯ ಗಂಟಿನಷ್ಟು ಹಗುರವಾಗಿದ್ದರು.

ಅತ್ತೆ ಮನೆಗೆ ಬಂದು ಟೋಪಿಯನ್ನೂ ತೆಗೆಯದೆ ಕಪಾಟು ತೆರೆದರು. ಮೀನಿನ ಡಬ್ಬಿಯೊಂದನ್ನು ಒಡೆದು ಎರಡು ತಟ್ಟೆಗೆ ಸಮನಾಗಿ ಹಾಕಿದರು. ನನ್ನ ತಟ್ಟೆಯನ್ನು ಮುಂದೆ ತಳ್ಳಿ, ತಾವು ನಿಧಾನವಾಗಿ, ಕೆಲಸ ಮುಗಿಸುವವರ ಹಾಗೆ ತಿಂದರು. ಕೊನೆಗೆ ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ಅದನ್ನೂ ತಿಂದರು. ಬಾಗಿಲು ಬೇಗ ತೆಗೆಯುತ್ತಾ ಎಂದು ಆ ಸಂಜೆ ಕೇಳಲಿಲ್ಲ. ಎದ್ದು ಹೋಗಿ ಮುಂಬಾಗಿಲ ಚಿಲಕ ಹಾಕಿ ಬಂದರು.

ಹೊಸ್ತಿಲಿಗೆ ಬಿಳಿ ಎಳೆಯುವ ಕಲ್ಲು ಸಿಂಕಿನ ಕೆಳಗೆ ಚಿಂದಿ ಬಟ್ಟೆಯಲ್ಲಿ ಸುತ್ತಿಕೊಂಡು ಕೂತಿತ್ತು. ಅಕ್ಕನಿಗೆ ಬರುವುದಿಲ್ಲವೆಂದು ಬರೆಯಬೇಕು. ನಾಳೆ ಅತ್ತೆ ಏಳುವ ಮೊದಲೇ ಹೊಸ್ತಿಲು ನಾನೇ ತಿಕ್ಕಬೇಕು, ಆಮೇಲೂ ಪ್ರತಿ ಬೆಳಗ್ಗೆ ನಾನೇ. ಎರಡೂ ತಟ್ಟೆ ಎತ್ತಿಕೊಂಡು ತೊಳೆಯಲು ಹೋದೆ.