ಕೇರುಬೀಜದ ಗಡಗಿ

ಶಿರೂರಿನ ಕಡೆಯ ಕುರುಚಲು ಗುಡ್ಡಗಳಲ್ಲಿ ಕೇರಿನ ಹಣ್ಣು ಉದುರುವ ಕಾಲ ಬಂದರೆ ಮರಾಠಿ ಶಹರದ ಧನಕವಡಿ ಬಡಾವಣೆಯ ಕಾಶವ್ವನಿಗೆ ಕೈತುಂಬ ಕೆಲಸ. ಆ ಕಡೆಯ ಭುಜಂಗನೆಂಬವನು ಸ್ವಾರಗೇಟಿನ ಬಸ್ ನಿಲ್ದಾಣಕ್ಕೆ ಬರುವಾಗ ಒಂದು ಚೀಲ ಹಣ್ಣು ತಂದುಕೊಡುತ್ತಿದ್ದ. ಕಾಶವ್ವ ಸೊನೆ ತಾಗಿ ಸುಡದಂತೆ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಹಣ್ಣಿನ ಕೇಸರಿ ಭಾಗವನ್ನು ತಿರುವಿ ತೆಗೆದು, ಕಪ್ಪು ಬೀಜಗಳನ್ನು ನೀರಿಗೆ ಹಾಕುವಳು. ತೇಲಿದ್ದು ಕಸಕ್ಕೆ, ಮುಳುಗಿದ್ದು ಮಣ್ಣಿನ ಗಡಗಿಗೆ. ಒಂದು ಪದರ ಇಟ್ಟಿಗೆ ಪುಡಿ, ಒಂದು ಪದರ ಬೀಜ. ಬಾಯಿಗೆ ಬಟ್ಟೆ ಕಟ್ಟಿಟ್ಟರೆ ಒಂದು ವರ್ಷ ಮುಟ್ಟುವ ಮಾತಿಲ್ಲ. ಅಷ್ಟರಲ್ಲಿ ಬೀಜದ ಸಿಟ್ಟನ್ನೆಲ್ಲ ಇಟ್ಟಿಗೆ ಹೀರಿಕೊಳ್ಳುತ್ತದೆಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ಈಗಿನ ಕಟ್ಟಡಗಳಿಗೆಲ್ಲ ಬೂದು ಬಣ್ಣದ ಸಿಮೆಂಟ್ ಬ್ಲಾಕು. ಕೆಂಪು ಇಟ್ಟಿಗೆಗಾಗಿ ಈ ಮುದುಕಿ ಪೇಟೆಯಲ್ಲಿ ಕೆಡವುತ್ತಿದ್ದ ಹಳೆಯ ವಾಡೆಯವರೆಗೆ ಹೋಗಿ, ಕೈಚೀಲ ತುಂಬಿಸಿಕೊಂಡು ಬಂದಿದ್ದಳು. ಅಷ್ಟು ಅಚ್ಚುಕಟ್ಟು.

ಕೂಸುಗಳಿಗೆ ಕೆಮ್ಮು ಬಂದರೆ ಓಣಿಯವರು ಅವಳ ಬಳಿ ಬರುತ್ತಿದ್ದರು. ಬೀಜವನ್ನು ಸೂಜಿಗೆ ಚುಚ್ಚಿ ದೀಪಕ್ಕೆ ಹಿಡಿದು, ಇಳಿದ ಎಣ್ಣೆಯ ಒಂದು ಹನಿಯನ್ನು ಹಾಲಿಗೆ ಬೀಳಿಸಿ ಕುಡಿಸುವಳು.

ಮೇಲಿನ ಮಹಡಿಯ ಇಂಪನಾ ಬಂದದ್ದು ಒಂದು ಸೋಮವಾರ ಮಧ್ಯಾಹ್ನ. ಮೈಸೂರಿನ ಹುಡುಗಿ, ಮನೆಯಿಂದಲೇ ಕಂಪ್ಯೂಟರ್ ಕೆಲಸ. ನಾಲ್ಕು ತಿಂಗಳ ಮಗ ಅಮೋಘನಿಗೆ ಒಂದು ವಾರದಿಂದ ಕೆಮ್ಮು.

“ಸಿರಪ್ ಕೊಟ್ಟು ಕೊಟ್ಟು ಸಾಕಾಗೋಯ್ತು ಅಜ್ಜಿ. ಕೆಳಗಡೆಯವರೆಲ್ಲ ನಿಮ್ಮ ಹೆಸರೇ ಹೇಳ್ತಾರೆ. ಆದ್ರೆ ನಮ್ಮ ಮಿಥುನ್‌ಗೆ ಇದೆಲ್ಲ ಇಷ್ಟ ಇಲ್ಲ. ಅವರಿಗೆ ಹೇಳ್ಬೇಡಿ, ಪ್ಲೀಸ್.”

“ನಾ ಯಾಕ ಹೇಳ್ಲಿ ನಿನ್ನ ಗಂಡಗ? ಹೋದ ವರ್ಷದ ಬೀಜ ಅದ, ಭಾಳ ತಣ್ಣಗಾಗೇದ. ಒಂದ ಹನಿ ಸಾಕು,” ಎಂದಳು ಕಾಶವ್ವ.

ಮರುದಿನ ಮಗುವಿನ ತುಟಿ, ನಾಲಿಗೆಯ ಮೇಲೆ ಬೊಬ್ಬೆಗಳು ಎದ್ದವು. ಬಿಸಿ ಹಾಲಿನಿಂದ ಸುಟ್ಟಿತೆಂದು ಇಂಪನಾ ಆಸ್ಪತ್ರೆಯಲ್ಲಿ ಹೇಳಿದಳು. ಗುರುವಾರ ಮೈತುಂಬ ಕೆಂಪು ದದ್ದು. ಉಚ್ಚೆ ನಿಂತುಹೋಯಿತು. ಕಾರಣ ಡಾಕ್ಟರಿಗೇ ತಿಳಿಯುತ್ತಿಲ್ಲವಂತೆ ಎಂದು ಕಾಶವ್ವನ ಮಗ ಬಸವಪ್ರಭು ಸುದ್ದಿ ತಂದ.

ಕಾಶವ್ವ ಅಡುಗೆ ಕಟ್ಟೆಯ ಕೆಳಗಿನ ಎರಡೂ ಗಡಗಿಗಳನ್ನು ಹೊರಗೆಳೆದಳು. ಗಡಿಬಿಡಿಯಲ್ಲಿ ಈ ವರ್ಷದ ಬೀಜ ತೆಗೆದಿರಬೇಕು ಎಂದುಕೊಂಡಳು. ಹಾಗೆಯೇ ಆಗಿರಲಿ ಎಂದು ಬೇಡಿಕೊಂಡಳು ಕೂಡ. ಆದರೆ ಹೊಸ ಗಡಗಿಯ ಗಂಟು ಅವಳು ಕಟ್ಟಿದಂತೆಯೇ ಇತ್ತು. ಹಳೆಯದರ ಪುಡಿ ಎಣ್ಣೆ ಕುಡಿದು ಕಪ್ಪಾಗಿತ್ತು. ಎಲ್ಲಿಯೂ ತಪ್ಪಾಗಿರಲಿಲ್ಲ.

ಅವಳು ಗಡಗಿಯನ್ನು ಚೀಲಕ್ಕೆ ಹಾಕಿಕೊಳ್ಳುವುದನ್ನು ಕಂಡು ಬಸವಪ್ರಭು ಬಾಗಿಲಿಗೆ ಅಡ್ಡ ನಿಂತ.

“ಎಲ್ಲಿಗವ್ವ? ಪೊಲೀಸ್ ಕೇಸ್ ಆಗ್ತದ. ಆಕಿನ ಕೇಳಿಕೊಂಡು ಬಂದಾಕಿ, ಆಕಿನ ಬಿಸಿ ಹಾಲು ಸುಟ್ಟತು ಅಂತ ಹೇಳ್ಯಾಳ. ನೀ ಯಾಕ ನಡುವ ಹೋಗ್ತಿ?”

“ಡಾಕ್ಟರಗ ಗೊತ್ತಿಲ್ಲಲ್ಲೋ.”

“ಅವರು ಓದಿದವರು. ಕಂಡು ಹಿಡೀತಾರ. ಈ ವಯಸ್ಸಿನಾಗ ನಿನ್ನ ಸ್ಟೇಷನ್ನಿಗೆ ಎಳದ್ರ ನಾ ಏನ್ ಮಾಡ್ಲಿ?”

ಅವನು ಕೆಟ್ಟವನಲ್ಲ. ತಾಯಿಯ ಮೇಲಿನ ಪ್ರೀತಿಯಿಂದಲೇ ಹಾಗೆ ಹೇಳಿದ. ಕಾಶವ್ವ ಅವನ ತೋಳನ್ನು ಸರಿಸಿ ಮೆಟ್ಟಿಲಿಳಿದಳು.

ಆಸ್ಪತ್ರೆಯ ಬೆಂಚಿನ ಮೇಲೆ ಇಂಪನಾ ಒಬ್ಬಳೇ ಕುಳಿತಿದ್ದಳು. ಚೀಲ ನೋಡಿದವಳೇ ಎದ್ದು ಕೈ ಹಿಡಿದಳು.

“ಬೇಡ ಅಜ್ಜಿ. ತಾಯಿನೇ ಹೀಗೆ ಮಾಡಿದ್ಲು ಅಂತಾರೆ ಎಲ್ರೂ. ಮಿಥುನ್ ಜನ್ಮದಲ್ಲಿ ನನ್ನ ಮುಖ ನೋಡಲ್ಲ.”

“ಅಂದ್ರ ಅನ್ನಲಿ ತಂಗಿ. ನನಗೂ ಅಂತಾರ. ಒಳಗ ಕೂಸು ಸಾಯಾಕ ಹತ್ತೇದ.”

ಇಂಪನಾಳ ಕೈ ಸಡಿಲಾಯಿತು. ಅವಳು ಅಲ್ಲೇ ಕುಸಿದು ಬಿಕ್ಕತೊಡಗಿದಳು.

ಡಾಕ್ಟರ್ ದೇವಾನಂದ ಗಡಿಯ ಜತ್ತದ ಕಡೆಯವರು, ಕನ್ನಡ ಬಲ್ಲವರು. ಮೇಜಿನ ಮೇಲೆ ಗಡಗಿಯ ಬಟ್ಟೆ ಬಿಚ್ಚಿದಾಗ ಅವರು ಕುರ್ಚಿಯಿಂದ ಥಟ್ಟನೆ ಎದ್ದರು.

“ಬಿಬ್ಬಾ! ಕೇರುಬೀಜ! ಕೂಸಿನ ಬಾಯಾಗ ಹಾಕೀರೇನು?”

“ಹೌದ್ರಿ. ಸೋಮವಾರ. ಹಾಲಿನಾಗ ಒಂದು ಹನಿ.”

ಅವರು ಹೊರಗೆ ಓಡಿದರು. ನರ್ಸುಗಳು ಓಡಾಡಿದರು, ಫೋನುಗಳು ಹೋದವು, ಮೂತ್ರಪಿಂಡದ ಡಾಕ್ಟರು ಬಂದರು. ದೇವಾನಂದ ಮರಳಿ ಬರುವಷ್ಟರಲ್ಲಿ ಒಂದು ತಾಸು ಕಳೆದಿತ್ತು.

“ಉಳೀತದೇನ್ರಿ?”

“ಹೇಳಾಕ ಬರೂದಿಲ್ಲ. ಬೊಬ್ಬೆ ಎದ್ದ ದಿನನ ಹೇಳಿದ್ರ...”

“ಇಟ್ಟಂಗಿ ಪುಡಿಯಾಗ ಪೂರಾ ವರ್ಷ ಇಟ್ಟಿದ್ದೆ ಸಾಹೇಬ್ರ. ಇಡೂದ್ರಾಗ ಏನೂ ತಪ್ಪಿಲ್ಲ.”

“ಹತ್ತು ವರ್ಷ ಇಟ್ರೂ ಕೂಸಿಗೆ ಅದು ವಿಷನ ಅಜ್ಜಿ. ಕೆಲವು ಕೂಸು ತಡಕೊಂಡಾವ, ಅಷ್ಟ. ಬ್ಯಾರೆ ಯಾರಿಗೆ ಹಾಕೀರಿ? ಅವರನ್ನೆಲ್ಲ ಕರೆಸಿ ನೋಡಬೇಕು.”

ಕಾಶವ್ವ ಓಣಿಯ ಮೂರು ಮಕ್ಕಳ ಹೆಸರು ಹೇಳಿದಳು. ಡಾಕ್ಟರು ಬರೆದುಕೊಂಡು ಪೆನ್ನಿನ ಮುಚ್ಚಳ ಹಾಕಿದರು.

“ಇನ್ನೊಂದ ಬರಕೊಳ್ರಿ,” ಎಂದಳು ಅವಳು. “ನಮ್ಮ ಮೈದುನ ಅವ್ವಣ್ಣನ ಮಗಳು. ಎರಡು ತಿಂಗಳ ಕೂಸು. ಊರಾಗ ಹಾಕಿದ್ದೆ, ಇಪ್ಪತ್ತೆರಡು ವರ್ಷದ ಹಿಂದ.”

“ಈಗ ಎಲ್ಲಿರ್ತಾಳ?”

“ಇಲ್ರಿ. ಐದನೇ ದಿನಕ್ಕ ಹೋತು. ದೃಷ್ಟಿ ತಾಕಿ ಹೋತು ಅಂತ ನಾನ ಎಲ್ಲಾರಿಗೂ ಹೇಳಿದ್ದೆ. ಆಕಿನ್ನೂ ಬರಕೊಳ್ರಿ.”

ದೇವಾನಂದ ಮತ್ತೆ ಪೆನ್ನು ತೆರೆದು, ಕೂಸಿನ ಹೆಸರೇನು ಎಂದು ಕೇಳಿದರು.

“ಕಸ್ತೂರಿ,” ಎಂದಳು ಕಾಶವ್ವ.