ಎಡಗೈಯ ದೀಪದವನು

ಕದಿಯೋದಕ್ಕೂ ಒಂದು ಮರ್ಯಾದೆ ಬೇಡವೇ? ಪ್ರೊಫೆಸರ್ ಸಾಹೇಬರ ಹೊಸ ಪುಸ್ತಕ ತೆರೆದರೆ ಪುಟಪುಟವೂ ನನ್ನದೇ. ನಾನು ತಪ್ಪಾಗಿ ಹಾಕಿದ್ದ ತಾರೀಖು ಕೂಡ ಹಾಗೇ ಕೂತಿತ್ತು.

ನಾನು ಕರೆಂಟ್ ಮೀಟರ್ ರಿಪೇರಿ ಮಾಡಿಕೊಂಡು ಬದುಕಿದವನು. ಮನಸ್ಸೆಲ್ಲ ಮಾತ್ರ ಕರೆಂಟ್ ಬರುವ ಮುಂಚಿನ ಕಾಲದ ಮೇಲೆ, ನಮ್ಮೂರ ಬೀದಿಗಳಲ್ಲಿ ಗ್ಯಾಸ್ ದೀಪ ಉರಿದ ಆ ಮೂವತ್ತೆಂಟು ವರ್ಷದ ಮೇಲೆ. ಅದಕ್ಕಂತಲೇ ವೆಬ್‌ಸೈಟ್ ಮಾಡಿ ಹದಿನಾರು ವರ್ಷವಾಯಿತು. ಯಾವ ಕಂಬ ಎಲ್ಲಿತ್ತು, ಯಾರು ಹಚ್ಚುತ್ತಿದ್ದರು, ಎಲ್ಲ ಅದರಲ್ಲಿದೆ. ಗ್ಯಾಸ್ ಟ್ಯಾಂಕು ಸಿಡಿದು ಸತ್ತ ಹನ್ನೊಂದು ಜನರ ಹೆಸರಿಗಾಗಿ ಎರಡು ವರ್ಷ ಸ್ಮಶಾನದ ರಿಜಿಸ್ಟರು ತಿರುವಿ ಹಾಕಿದ್ದೇನೆ. ಇಲ್ಲಿ ಬರೆದದ್ದು ನಿಜ ಅನ್ನುವ ಮಾತೊಂದೇ ನನ್ನ ಆಸ್ತಿ.

ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದ ನಮ್ಮ ಅಕ್ಕ ಪ್ರತಿ ಪುಟ ತಿದ್ದಿಕೊಡುತ್ತಾಳೆ. "ಇದೆಲ್ಲಿ ಸಿಕ್ತೋ?" ಅಂತ ಕೇಳದೆ ಒಂದು ಸಾಲೂ ಬಿಡುವವಳಲ್ಲ. ನಾನು ಹೇಳಿದರೆ ಮುಗಿಯಿತು, ಅಷ್ಟು ಸಾಕು ಅವಳಿಗೆ.

ಐದು ವರ್ಷದ ಹಿಂದೆ ಪೇಪರಿನಲ್ಲಿ ನನ್ನ ಸಾಲುಗಳು ಈ ಪ್ರೊಫೆಸರ್ ಹೆಸರಲ್ಲಿ ಬರತೊಡಗಿದವು. ಪತ್ರ ಬರೆದೆ, ಉತ್ತರವಿಲ್ಲ. ಹಳೇ ಕಾಲದ ನಕ್ಷೆ ಬರೆಯುವವರು ನಕಲು ಮಾಡುವ ಕಳ್ಳ ಸಿಕ್ಕಿಬೀಳಲಿ ಅಂತ ಇಲ್ಲದ ಬೀದಿಯೊಂದನ್ನು ಸೇರಿಸುತ್ತಿದ್ದರಂತೆ. ನಾನೂ ಸೈಟಿನಲ್ಲಿ ಒಬ್ಬ ದೀಪ ಹಚ್ಚುವವನನ್ನು ಹುಟ್ಟಿಸಿದೆ. ಎಡಗೈಯವನು. ಹೆಂಡತಿ ಸತ್ತ ದಿನವೂ ನೂರಹನ್ನೆರಡು ದೀಪ ಹಚ್ಚಿಯೇ ಮನೆಗೆ ಹೋದವನು.

"ಇದೆಲ್ಲಿ ಸಿಕ್ತೋ?" ಅಂದಳು ಅಕ್ಕ.

"ಒಂದು ಹಳೇ ಡೈರಿಯಲ್ಲಿ."

ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ನಾನು ಮುಂದಿನ ಪುಟ ಅವಳ ಮುಂದಿಟ್ಟೆ.

ಪುಸ್ತಕ ಬಿಡುಗಡೆ ಲೈಬ್ರರಿ ಹಾಲಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಅಕ್ಕನನ್ನೂ ಕರೆದುಕೊಂಡು ಹೋದೆ. ಪ್ರೊಫೆಸರ್ ಗಂಟಲು ಸರಿಮಾಡಿಕೊಂಡು ಆ ಎಡಗೈಯವನ ಅಧ್ಯಾಯವನ್ನೇ ಓದಿದರು, ಅಳು ಬಂದವರ ಹಾಗೆ ನಡುನಡುವೆ ನಿಲ್ಲಿಸಿ. ಥೂ, ಆ ನಾಟಕ ನೋಡೋಕಾಗಲಿಲ್ಲ. ಎದ್ದು ನಿಂತೆ.

"ಆ ಮನುಷ್ಯ ಹುಟ್ಟೇ ಇಲ್ಲ. ಈ ಕಳ್ಳನ್ನ ಹಿಡಿಯೋಕೆ ನಾನೇ ಕಟ್ಟಿದ ಕಥೆ ಅದು."

ಪ್ರೊಫೆಸರ್ ಮುಖ ಬಿಳಿಚಿಕೊಂಡಿತು. ನನಗೆ ಹಾಲು ಕುಡಿದಷ್ಟು ಖುಷಿ. ಆತ ನಿಧಾನವಾಗಿ ನೀರು ಕುಡಿದು ಲೋಟ ಕೆಳಗಿಟ್ಟ.

"ನಿಮ್ಮನ್ನ ನಂಬಿದ್ದು ನನ್ನ ತಪ್ಪೇ. ಅಂದಹಾಗೆ, ಆ ಸೈಟಲ್ಲಿ ಇನ್ನೂ ಎಷ್ಟು ಜನರನ್ನ ಹುಟ್ಟಿಸಿದ್ದೀರಿ, ಸ್ವಾಮಿ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನನ್ನ ಸೈಟ್ ನೋಡಿ ಅಂತ ಮಕ್ಕಳಿಗೆ ಹೇಳುತ್ತಿದ್ದ ಲೈಬ್ರರಿಯಮ್ಮ ತಲೆ ತಗ್ಗಿಸಿದರು. ಒಬ್ಬನೇ ಒಬ್ಬ ಅಂದೆ. ಅದನ್ನು ಹೇಳುವಾಗಲೇ ಸುಳ್ಳು ಹೇಳುವವನ ದನಿ ನನ್ನ ಕಿವಿಗೇ ಕೇಳಿಸಿತು. ಆ ಕಳ್ಳನ ಮುಖಕ್ಕಿಂತ ಅದು ಹೆಚ್ಚು ಹೇಸಿಗೆಯಾಯಿತು.

ಬಸ್ಸಿನಲ್ಲಿ ನಾಲ್ಕನೇ ಸ್ಟಾಪು ದಾಟಿದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು.

"ಡೈರಿ ಅಂದಿದ್ದೆ."

"ಹೂಂ."

"ಆ ಹನ್ನೊಂದು ಜನ?"

"ಅವರು ನಿಜ ಅಕ್ಕಾ. ನಿನ್ನಾಣೆ."

ಅಕ್ಕ ಕನ್ನಡಕ ಒರೆಸಿ ಡಬ್ಬಿಯಲ್ಲಿಟ್ಟಳು.

"ನಾಳೆ ಸ್ಮಶಾನದ ಆಫೀಸಿಗೆ ಕರ್ಕೊಂಡು ಹೋಗು. ರಿಜಿಸ್ಟರು ನಾನೇ ನೋಡ್ತೀನಿ."