ಗಡಿಗೆಪ್ಪನ ಕೈಭಾರ

"ಇದು ಮಷಿನ್ ಅಲ್ಲ ಕಾಕಾ, ದುಶ್ಮನ್ ಇದು. ಮದ್ಲು ಕೆಳಗಿಡ್ರಿ."

"ಬಾಯಿ ಸಂಬಾಳಿಸಿ ಮಾತಾಡು. ಇಪ್ಪತ್ತೆರಡು ವರ್ಷ ನನ್ನ ಹೊಟ್ಟಿ ತುಂಬಿಸಿದ ಮಷಿನ್ ಇದು. ದಸರಾಕ್ಕ ಇದಕ್ಕ ಕಾಯಿ ಒಡದು ಪೂಜಿ ಮಾಡ್ತೀನಿ."

"ಪೂಜಿ ಮಾಡ್ರಿ, ಯಾರು ಬ್ಯಾಡ ಅಂದ್ರು? ಕಾರಿನ ಮ್ಯಾಲ ಇಡಬ್ಯಾಡ್ರಿ ಅಂತ ಹೇಳಾಕತ್ತೀನಿ. ನೋಡ್ರಿಲ್ಲಿ, ಬಣ್ಣ ಎಲ್ಲದ?"

ಗಡಿಗೆಪ್ಪ ನೋಡಿದ. ಬಣ್ಣ ಇರಲಿಲ್ಲ. ಕಲಿಯುವವರಿಗೆಂದು ಗುಜರಿಯಿಂದ ತಂದಿಟ್ಟಿದ್ದ ಕೆಂಪು ಬಾನೆಟ್ಟಿನ ನಟ್ಟನಡುವೆ ಅಂಗೈಯಗಲ ತಗಡು ಹಲ್ಲು ಕಿಸಿದುಕೊಂಡು ನಗುತ್ತಿತ್ತು. ಸುಟ್ಟ ವಾಸನೆಗೆ ಪಕ್ಕದ ಚಹಾದಂಗಡಿಯವನೂ ಇಣುಕಿ ನೋಡಿ ಹೋದ. ಇಷ್ಟಾಗಲು ನಾಲ್ಕು ಸೆಕೆಂಡೂ ಹಿಡಿದಿರಲಿಲ್ಲ. ಗ್ರಾನೈಟ್ ಕಟ್ಟೆಯ ಅಂಚು ತಿಕ್ಕುವ ತನ್ನ ಕೈಮಷಿನ್ನಿಗೆ ಉಣ್ಣೆಯ ಬಿಲ್ಲೆಯೊಂದನ್ನು ಸಿಕ್ಕಿಸಿ, ಕಲ್ಲಿನ ಮೇಲೆ ಒರಗುವ ಹಾಗೆಯೇ ಬಾನೆಟ್ಟಿನ ಮೇಲೆ ಒರಗಿದ್ದ, ಅಷ್ಟೇ.

ಬೈಯುತ್ತಿದ್ದವಳು ಸೂಫಿಯಾ. ರಾಯಚೂರಿನಲ್ಲಿ ಮಾನ್ವಿ ಕಡೆ ಹೋಗುವ ರಸ್ತೆಯ ಬದಿಗೆ ಅವಳ ಅಪ್ಪ ಮೆಹಬೂಬ್ ಪಾಷಾನ ಗ್ಯಾರೇಜು. ಅಪ್ಪ ಕಾರುಗಳಿಗೆ ಬಣ್ಣ ಹೊಡೆಯುತ್ತಾನೆ, ಮಗಳು ಆ ಬಣ್ಣಕ್ಕೆ ಹೊಳಪು ಕೊಡುತ್ತಾಳೆ. ಹೈದರಾಬಾದಿನಲ್ಲಿ ಎರಡು ವರ್ಷ ಇದನ್ನೇ ಕಲಿತು ಬಂದವಳು. ಗಡಿಗೆಪ್ಪನ ಅರ್ಧ ವಯಸ್ಸು, ಆದರೆ ಮಾತು ಮಾತ್ರ ಅವನಿಗಿಂತ ಖಾರ. ಅವಳ ಹತ್ತಿರ ಕಲಿಯಲು ಅವನು ದಿನಾ ದೇವದುರ್ಗದಿಂದ ಮೊದಲ ಬಸ್ಸು ಹಿಡಿದು ಬರುತ್ತಿದ್ದ. ಅವತ್ತು ಬುಧವಾರ.

ಸೋಮವಾರ ಅವನ ಅಂಗಡಿಯ ಓಪನಿಂಗ್ ಇತ್ತು.

ಹೌದು, ಕೆಲಸ ಕಲಿಯುವ ಮೊದಲೇ ಅಂಗಡಿ ಹಿಡಿದಿದ್ದ. ಗಡಿಗೆಪ್ಪನ ಸ್ವಭಾವವೇ ಹಾಗೆ. ಊರಿನವರೆಲ್ಲ ಟೈಲ್ಸಿಗೆ ಬಿದ್ದು, ಕಲ್ಲಿನ ನೆಲ ಪಾಲಿಶ್ ಮಾಡಿಸುವವರೇ ಇಲ್ಲವಾದಾಗ, ಕಲ್ಲಾದರೇನು ಕಾರಾದರೇನು, ತಿಕ್ಕಿದರೆ ಹೊಳೆಯುತ್ತದೆ ಎಂದು ಒಂದೇ ರಾತ್ರಿಯಲ್ಲಿ ತೀರ್ಮಾನಿಸಿದ್ದ. ದೇವದುರ್ಗದ ಬಸ್ ನಿಲ್ದಾಣದ ಹಿಂದೆ ಷಟರ್ ಹಿಡಿದು, ಆಳೆತ್ತರದ ಬ್ಯಾನರಿನಲ್ಲಿ ತನ್ನ ಫೋಟೋ ಹಾಕಿಸಿ, ಕೆಳಗೆ 'ಅನುಭವಿ ಮಿಸ್ತ್ರಿಗಳಿಂದ ಕಾರ್ ಪಾಲಿಶ್' ಎಂದು ಬರೆಸಿದ್ದ.

"ಅನುಭವಿ ಅಂತ ಬರಿಸೀರಲ್ಲ, ಯಾವ ಕಾರಿನ ಅನುಭವರೀ?" ಎಂದು ಹೆಂಡತಿ ಬಸ್ಸಮ್ಮ ಕೇಳಿದ್ದಳು. "ನಮ್ಮ ಮನ್ಯಾಗ ಸೈಕಲ್ಲೂ ಪಂಚರಾಗಿ ಕುಂತದ."

ರಿಬ್ಬನ್ ಕತ್ತರಿಸುವವನು ಮಾನ್ವಿಯ ತಾಯಣ್ಣ. ಮನೆ ಕಟ್ಟಿಸುವ ಕಂತ್ರಾಟುದಾರ, ಗಡಿಗೆಪ್ಪನ ಹಳೆಯ ಗಿರಾಕಿ. ಮೊದಲು ಪಾಲಿಶ್ ಆಗಬೇಕಾದದ್ದೂ ಅವನದೇ ಕರಿ ಕಾರು. ಆ ಕಾರು ನಾಲ್ಕು ಜನರೆದುರು ಹೊಳೆದರೆ ಎರಡು ತಾಲೂಕಿನ ಕಾರುಗಳು ಬಾಗಿಲಿಗೆ ಬರುತ್ತವೆ. ಅದೇನಾದರೂ ಈ ಕೆಂಪು ಬಾನೆಟ್ಟಿನ ಗತಿ ಕಂಡರೆ, ಗಡಿಗೆಪ್ಪ ಬ್ಯಾನರ್ ಬಿಚ್ಚಿ ಮೇವಿನ ಬಣವೆಗೆ ಹೊದಿಸಬೇಕು.

ಸೂಫಿಯಾ ತನ್ನ ಮಷಿನ್ ತಂದಳು. ಅದರ ಬಿಲ್ಲೆ ತಿರುಗುವುದೂ ಹೌದು, ತಿರುಗುತ್ತಲೇ ನಡುಗುವುದೂ ಹೌದು. ಬಿಲ್ಲೆಯ ಅಂಚಿನ ಮೇಲೆ ಕರಿ ಮಾರ್ಕರಿನಿಂದ ಒಂದು ಗೆರೆ ಎಳೆದಳು.

"ಈ ಗೆರಿ ನೋಡಕೋತ ಇರ್ರಿ. ಇದು ತಿರಗತಿರಬೇಕು. ನಿಂತ್ರ ನೀವು ಒತ್ತಾಕತ್ತೀರಿ ಅಂತ."

ಗಡಿಗೆಪ್ಪ ಮಷಿನ್ ಹಿಡಿದ. ಗೆರೆ ನಿಂತಿತು. ಬಿಲ್ಲೆ ಇದ್ದಲ್ಲೇ ಚಳಿಜ್ವರ ಬಂದವರಂತೆ ನಡುಗತೊಡಗಿತು.

"ಈ ಮಷಿನ್ನಿಗಿ ತಾಕತ್ತಿಲ್ಲ," ಎಂದ.

"ಮಷಿನ್ನಿಗಿ ಇರೋದು ಬರೋಬರಿ ಅದ. ನಿಮಗ ಜಾಸ್ತಿ ಆಗ್ಯಾದ."

"ಒತ್ತಲಿಲ್ಲಂದ್ರ ಹೊಳಪು ಹ್ಯಾಂಗ ಬರ್ತದ?"

ಇದು ಅವನು ಹಟಕ್ಕೆ ಕೇಳಿದ್ದಲ್ಲ. ಅವನು ಕಂಡ ಲೋಕವೇ ಹಾಗಿತ್ತು. ಕಲ್ಲು ಮೇಲೆಯೂ ಕಲ್ಲು, ಕೆಳಗೆಯೂ ಕಲ್ಲು. ತಿಕ್ಕಿದಷ್ಟೂ ಒಳಗಿನಿಂದ ಹೊಳಪು ಎದ್ದು ಬರುತ್ತದೆ. ಸೂಫಿಯಾ ಮೂಲೆಯಲ್ಲಿದ್ದ ಮುರುಕು ಬಾಗಿಲಿನಿಂದ ಬಣ್ಣದ ಒಂದು ಚೂರನ್ನು ಉಗುರಿನಿಂದ ಎಬ್ಬಿಸಿ ಅವನ ಅಂಗೈ ಮೇಲೆ ಇಟ್ಟಳು.

"ಇಷ್ಟ ಇರೋದು ಕಾಕಾ. ಬಣ್ಣ, ಹೊಳಪು, ಎಲ್ಲಾ ಇದರಾಗ. ಇದರ ಕೆಳಗ ಬರೇ ತಗಡು."

ಈರುಳ್ಳಿಯ ಒಣಸಿಪ್ಪೆಯಷ್ಟೂ ದಪ್ಪ ಇರಲಿಲ್ಲ. ಫ್ಯಾನಿನ ಗಾಳಿಗೆ ಎದ್ದು ಹಾರಿಯೇ ಹೋಯಿತು. ಗಡಿಗೆಪ್ಪನಿಗೆ ಏನೋ ಮೋಸವಾದಂತೆ ಅನ್ನಿಸಿತು. ಹಾರ್ನ್ ಹೊಡೆದು ತನ್ನನ್ನು ರಸ್ತೆಯಿಂದ ಕೆಳಗಿಳಿಸಿದ ಕಾರುಗಳೆಲ್ಲ ನೆನಪಾದವು. ಅವುಗಳ ಠೀವಿಯೆಲ್ಲ ಇಷ್ಟೇ ದಪ್ಪದ್ದೇ? ಅಂದು ಒತ್ತಬಾರದು ಎಂಬುದು ತಲೆಗೆ ಹೊಕ್ಕಿತು. ಕೈಗೆ ಹೊಗಲಿಲ್ಲ.

ಗುರುವಾರ ಸೂಫಿಯಾ ಒಂದು ಸಂಗತಿ ಕಂಡುಹಿಡಿದಳು. ಅವನು ಸುಮ್ಮನಿದ್ದಾಗ ಗೆರೆ ತಿರುಗುತ್ತಿತ್ತು. ಕರೆಂಟಿನವರನ್ನೋ ಬಸ್ಸಿನವರನ್ನೋ ಬೈಯಲು ಶುರುಮಾಡಿದರೆ ನಿಂತುಬಿಡುತ್ತಿತ್ತು.

"ನಿಮ್ಮ ಸಿಟ್ಟು ಕೈಗಿ ಇಳೀತದ ಕಾಕಾ."

"ನನಗ ಸಿಟ್ಟೇ ಬರಂಗಿಲ್ಲ," ಎಂದು ಗಡಿಗೆಪ್ಪ ಗುಡುಗಿದ. ಗೆರೆ ನಿಂತಿತು.

ಅವನಿಗೆ ಸಿಟ್ಟು ಬಿಡಿಸುವುದು ತನ್ನಿಂದಾಗದು ಎಂದು ಅವಳಿಗೆ ಗೊತ್ತಾಯಿತು. ನಾಲ್ಕು ದಿನದಲ್ಲಿ ಅದು ಯಾರಿಂದಲೂ ಆಗುವ ಕೆಲಸವಲ್ಲ. ಆದ್ದರಿಂದ ಸಿಟ್ಟು ಕೈಗೆ ಇಳಿಯದಂತೆ ಬಾಯಲ್ಲೇ ತಡೆದು ನಿಲ್ಲಿಸುವ ಪಾಠ ಶುರುಮಾಡಿದಳು. ಸ್ಟೂಲ್ ಹಾಕಿಕೊಂಡು ಎದುರು ಕೂತಳು.

"ಕಾಕಾ, ದೇವದುರ್ಗದಾಗ ಕಾರ್ ಎಷ್ಟದಾವ? ಮೂರೋ, ನಾಕೋ?"

"ಯಾಕ, ನಿನ್ನ ರಾಯಚೂರಾಗ..."

"ನಿಂತಿತು. ಮತ್ತ ಹಚ್ರಿ. ಬ್ಯಾನರಿನ ಫೋಟೋ ಯಾವ ವರ್ಷದ್ದು? ಕೂದಲ ಭಾಳ ಅದಾವ ಅದರಾಗ."

"ನಿನಗ ಬ್ಯಾನರ್ ಯಾರು ತೋರಿಸಿದ್ರು?"

"ನೀವೇ ಬಂದವ್ರಿಗೆಲ್ಲಾ ಮೊಬೈಲಿನಾಗ ತೋರಸ್ತೀರಿ. ನಿಂತಿತು ನೋಡ್ರಿ."

ಒಮ್ಮೆ ಮೆಹಬೂಬ್ ಪಾಷಾ ಬಣ್ಣದ ಡಬ್ಬಿ ಹಿಡಿದು ಬಂದವನು, "ಹಿರಿಯರಿಗಿ ಹಂಗ ಅನ್ನಬ್ಯಾಡ ಬೇಟಾ," ಎಂದ. "ನಕ್ಕೋ ಅಬ್ಬಾ, ನಡುವ ಬರಬ್ಯಾಡ್ರಿ, ಇದು ಟ್ರೇನಿಂಗ್," ಎಂದಳು ಮಗಳು. ಅವನೂ ಡಬ್ಬಿ ಇಟ್ಟು ಸ್ವಲ್ಪ ಹೊತ್ತು ಕೂತ. ಎದ್ದು ಹೋಗುವ ಮೊದಲು ತಾನೂ ಗಡಿಗೆಪ್ಪನತ್ತ ಒಂದು ಚುಚ್ಚುಮಾತು ಎಸೆದು ಹೋದ.

ಸಂಜೆ ಬಸ್ಸಿನಲ್ಲಿ ಗಡಿಗೆಪ್ಪನ ಮೈಯೆಲ್ಲ ಉರಿಯುತ್ತಿತ್ತು. ಮನೆಗೆ ಬಂದು, ಹೊಸದಾಗಿ ಕೊಂಡ ತನ್ನ ನಡುಗುವ ಮಷಿನ್ನಿನ ಬಿಲ್ಲೆಗೂ ಗೆರೆ ಎಳೆದು ಅದನ್ನು ಬಸ್ಸಮ್ಮನ ತವರಿನ ಕಬ್ಬಿಣದ ಅಲಮಾರಿಗೆ ಹಚ್ಚಿದ. ಅವಳು ವೈರ್ ಹಿಡಿದು ಬಾಗಿಲಲ್ಲಿ ನಿಂತಳು.

"ಬಣ್ಣ ಹೋದ್ರ ನಮ್ಮಣ್ಣಗ ಫೋನ್ ಮಾಡ್ತೀನಿ ನೋಡ್ರಿ."

"ಮಾಡು. ಇದನ್ನ ಕೊಡಿಸಿದಾಗ ಕೀಲಿ ಕೊಟ್ಟಾನ ನಿಮ್ಮಣ್ಣ? ಇವತ್ತಿನ ತನಕ ಹಗ್ಗದಲೇ ಕಟ್ಟಾಕತ್ತೀವಿ," ಎಂದ. ಅಂದು ಮುಗಿಸಿ ನೋಡಿದರೆ ಗೆರೆ ತಿರುಗುತ್ತಲೇ ಇತ್ತು. ಅವನು ಇನ್ನೆರಡು ಮಾತು ಬೈದು ಪರೀಕ್ಷೆ ಮಾಡಿದ. ತಿರುಗುತ್ತಲೇ ಇತ್ತು. ಬಸ್ಸಮ್ಮನ ತವರಿನವರನ್ನೆಲ್ಲ ಹೆಸರು ಹಿಡಿದು ಬೈದು ಮುಗಿಸುವುದರೊಳಗೆ ಅಲಮಾರಿಯ ಒಂದು ಬಾಗಿಲು ಹೊಸ ಹಿತ್ತಾಳೆ ಕೊಡದಂತೆ ಹೊಳೆಯುತ್ತಿತ್ತು.

"ಕೈ ಹಗುರಾಗ್ಯಾದ ಬಿಡ್ರಿ," ಎಂದಳು ಬಸ್ಸಮ್ಮ, ಹೊಳಪಿನಲ್ಲಿ ಮುಖ ನೋಡಿಕೊಳ್ಳುತ್ತ. "ಇನ್ನೊಂದು ಬಾಗಿಲಕ್ಕ ನಿಮ್ಮ ಕಡೀ ಮಂದೀನ ಬಯ್ಯಬೇಕು."

ಶನಿವಾರ ಸೂಫಿಯಾ ಏನೇನೋ ಅಂದು ನೋಡಿದಳು. ಗಡಿಗೆಪ್ಪ ಒಂದಕ್ಕೆ ಎರಡು ತಿರುಗಿಸಿ ಕೊಟ್ಟ. ಗೆರೆ ನಿಲ್ಲಲಿಲ್ಲ.

ಸೋಮವಾರ ಷಟರಿಗೆ ಅಡ್ಡ ಕೆಂಪು ರಿಬ್ಬನ್ ಕಟ್ಟಿ, ಮುಂದೆ ಶಾಮಿಯಾನ ಹಾಕಿದ್ದರು. ಬಂದವರಲ್ಲಿ ಅರ್ಧ ಜನ ಪೇಢೆಗೆ, ಉಳಿದರ್ಧ ಗಡಿಗೆಪ್ಪ ಏನು ಮಾಡುತ್ತಾನೋ ನೋಡಲಿಕ್ಕೆ. ಸೂಫಿಯಾ ತಾಯಿ ಅನ್ವರಿ ಬೇಗಂ ಜೊತೆ ಬಂದು ಹಿಂದಿನ ಕುರ್ಚಿಯಲ್ಲಿ ಕೂತಿದ್ದಳು. ತಾಯಣ್ಣ ಕಾರಿನಿಂದ ಇಳಿದವನೇ, "ರಿಬ್ಬನ್ ಆಮ್ಯಾಲ. ಮದ್ಲು ಕೈಚಳಕ ತೋರಸು," ಎಂದ.

ಗಡಿಗೆಪ್ಪ ಕಾರಿನ ಕನ್ನಡಿ, ಗಾಜು, ದೀಪಗಳಿಗೆಲ್ಲ ಕಾಗದ ಟೇಪು ಅಂಟಿಸಿ ಬಾನೆಟ್ಟಿನಿಂದ ಶುರುಮಾಡಿದ. ಕರಿ ಬಣ್ಣ, ಚೂರು ತಪ್ಪಿದರೂ ಎದ್ದು ಕಾಣುವಂಥದ್ದು. ಗೆರೆ ತಿರುಗುತ್ತಿತ್ತು. ಬಟ್ಟೆಯಿಂದ ಒರೆಸಿದಾಗ ಶಾಮಿಯಾನದ ಝಾಲರಿ ಬಾನೆಟ್ಟಿನಲ್ಲಿ ತಲೆಕೆಳಗಾಗಿ ಕಂಡಿತು. ಜನ 'ಹೋ' ಎಂದರು. ಒಬ್ಬ ಅದರಲ್ಲೇ ಮೀಸೆ ತಿದ್ದಿಕೊಂಡ.

"ಇದೇನು, ಯಾರರೆ ಮಾಡ್ತಾರ," ಎಂದು ತಾಯಣ್ಣ ಎದ್ದು ಬಂದ. "ಇಲ್ಲಿ ಬಾ. ಇದನ್ನ ತಗಿ."

ಬಾಗಿಲ ಮೇಲೆ ಮೊಳದುದ್ದ ಗೀರು. ಚೀಕಲಪರ್ವಿ ಹಾದಿಯಲ್ಲಿ ಎಮ್ಮೆಯೊಂದು ಕೋಡಿನಿಂದ ಎಳೆದದ್ದು. ತಾಯಣ್ಣನಿಗೆ ಗೀರಿಗಿಂತ, ಕಂಡವರೆಲ್ಲ ಎಮ್ಮೆಯ ಯೋಗಕ್ಷೇಮ ಕೇಳುವುದೇ ದೊಡ್ಡ ಸಂಕಟವಾಗಿತ್ತು. ಗಡಿಗೆಪ್ಪ ಗೀರಿಗೆ ಅಡ್ಡಲಾಗಿ ಉಗುರು ಎಳೆದ. ಉಗುರು ಸಿಕ್ಕಿಕೊಂಡಿತು. ಉಗುರು ಹಿಡಿಯುವ ಗೀರು ಹೊಳಪನ್ನು ದಾಟಿ ಒಳಗಿಳಿದಿರುತ್ತದೆ, ಅದನ್ನು ತೆಗೆಯಲು ಹೋದರೆ ಸುತ್ತಲಿನ ಬಣ್ಣವೂ ಹೋಗುತ್ತದೆ ಎಂದು ಸೂಫಿಯಾ ಹೇಳಿದ್ದಳು.

"ಇದು ಹೋಗಂಗಿಲ್ಲರೀ. ತೆಳ್ಳಗ ಕಾಣೋಹಂಗ ಮಾಡ್ತೀನಿ."

ಗಿರಾಕಿಗೆ 'ಆಗುವುದಿಲ್ಲ' ಎಂದು ಅವನು ಹುಟ್ಟಿದಾಗಿನಿಂದ ಅಂದವನಲ್ಲ. ಅಂದದ್ದು ಕೇಳಿ ತಾಯಣ್ಣನಿಗಿಂತ ಅವನಿಗೇ ಹೆಚ್ಚು ಆಶ್ಚರ್ಯವಾಯಿತು.

"ಒತ್ತಲೇ ಗಡಿಗೆಪ್ಪ. ನಮ್ಮ ಪಡಸಾಲಿ ಕಲ್ಲು ಮೂರು ದಿನ ಕುಂತು ಒತ್ತಿ ಸಪಾಟು ಮಾಡೀದಿ."

"ಅದು ಕಲ್ಲು. ಇದು ಸಿಪ್ಪಿ."

"ನನ್ನ ಕಾರಿಗಿ ಸಿಪ್ಪಿ ಅಂತೀಯೇನು?"

"ಎಲ್ಲಾರ ಕಾರೂ ಸಿಪ್ಪೀನೇ. ನಿಮ್ಮದು ಕರಿ ಸಿಪ್ಪಿ."

ಶಾಮಿಯಾನದಲ್ಲಿ ಯಾರೋ ಕಿಸಕ್ಕೆಂದರು. ತಾಯಣ್ಣನ ಕಿವಿ ಕೆಂಪಾದವು. ಗಡಿಗೆಪ್ಪ ಮಷಿನ್ ಹಚ್ಚಿ ಗೀರಿನ ಆಚೀಚೆ ನಿಧಾನಕ್ಕೆ ಸವರತೊಡಗಿದ.

"ಎಮ್ಮಿ ಮೈ ತಿಕ್ಕಾಕತ್ತೀಯೇನಲೇ? ಜೋರಾಗಿ ಒತ್ತು ಅಂದೆ."

"ಎಮ್ಮಿ ಸುದ್ದಿ ನೀವೇ ತಗದ್ರಿ, ನಾ ತಗೀಲಿಲ್ಲ."

"ನಾ ಇಲ್ಲದಿದ್ರ ನಿನ್ನ ಅಂಗಡಿಗಿ ನಾಯಿ ಸೈತ ಬರಂಗಿಲ್ಲ. ನೆಪ್ಪಿಡು."

"ಬರದಿದ್ರ ಬ್ಯಾಡ. ನಿಮ್ಮ ಬಾಗಿಲದಾಗ ತಗಡು ತೋರಿಸಿ ಹೆಸರು ಮಾಡೋದು ನನಗ ಬೇಕಾಗಿಲ್ಲ. ಒತ್ತಂಗಿಲ್ಲ ಅಂದ್ರ ಒತ್ತಂಗಿಲ್ಲ. ನಿಮ್ಮಪ್ಪ ಎದ್ದು ಬಂದು ಹೇಳಿದ್ರೂ ಒತ್ತಂಗಿಲ್ಲ."

ಧ್ವನಿ ಬಸ್ ನಿಲ್ದಾಣಕ್ಕೂ ಕೇಳುವಂತಿತ್ತು. ಹಿಂದಿನ ಕುರ್ಚಿಯಲ್ಲಿ ಸೂಫಿಯಾ ಅರ್ಧ ಎದ್ದು ಬಿಲ್ಲೆಯನ್ನೇ ನೋಡುತ್ತಿದ್ದಳು. ಗೆರೆ ತಿರುಗುತ್ತಲೇ ಇದ್ದುದನ್ನು ನೋಡಿ, ಮತ್ತೆ ಕೂತು ಪೇಢೆ ಬಾಯಿಗಿಟ್ಟುಕೊಂಡಳು.

ತಾಯಣ್ಣ ತಟ್ಟೆಯಲ್ಲಿದ್ದ ಕತ್ತರಿಯನ್ನು ಎತ್ತಿ, ಏನು ಮಾಡಬೇಕೋ ತಿಳಿಯದೆ ಮತ್ತೆ ತಟ್ಟೆಗೇ ಇಟ್ಟ. ಕಾರು ಹತ್ತಲು ಹೋದರೆ ಎದುರಿನ ಗಾಜಿನ ತುಂಬ ಕಾಗದ ಅಂಟಿತ್ತು. "ಗಾಡಿ ತಗೊಂಡು ಹಿಂದಿಂದ ಬಾ," ಎಂದು ಡ್ರೈವರನಿಗೆ ಹೇಳಿ, ಪಂಚೆಯ ಚುಂಗು ಎತ್ತಿ ಹಿಡಿದು ಬಿಸಿಲಿಗೆ ಇಳಿದ.

"ರಿಬ್ಬನ್ ಯಾರು ಕತ್ತರಸ್ತಾರರೀ?" ಎಂದು ಬಸ್ಸಮ್ಮ ಕೂಗಿ ಕೇಳಿದಳು.

ತಾಯಣ್ಣ ತಿರುಗಲಿಲ್ಲ. ಕಬ್ಬಿನ ಹಾಲಿನ ಗಾಡಿಯ ಹತ್ತಿರ ಒಮ್ಮೆ ನಿಂತ. ಕರೆಯಲು ಯಾರಾದರೂ ಬರುತ್ತಾರೆಂದು ನಿಂತನೋ, ಬಿಸಿಲಿಗೆ ನಿಂತನೋ. ಗಡಿಗೆಪ್ಪ ತಲೆ ಎತ್ತಿ ಅವನನ್ನು ನೋಡಿದ, ಕೈ ಮಾತ್ರ ಬಾಗಿಲ ಮೇಲೆಯೇ ಇತ್ತು. ಆಮೇಲೆ ಬಿಳಿ ಅಂಗಿ ಮಾನ್ವಿ ಬಸ್ಸುಗಳು ನಿಲ್ಲುವ ಕಡೆ ತಿರುವಿನಲ್ಲಿ ಮರೆಯಾಯಿತು. ಮಧ್ಯಾಹ್ನದವರೆಗೂ ಅವನ ಕುರ್ಚಿ ಖಾಲಿ ಇಟ್ಟು ಕಾದರು. ಅವನು ಬರಲಿಲ್ಲ. ರಿಬ್ಬನ್ ಕಟ್ಟಿದ ಹಾಗೆಯೇ ಇತ್ತು; ಬಾಗಿಲ ಗೀರು ಮಾತ್ರ ತೆಳ್ಳಗಾಗಿತ್ತು, ತಗಡು ಎಲ್ಲೂ ಕಾಣಲಿಲ್ಲ.